ಟ್ಯಾಂಕ್ ನಿಲ್ಲಿಸಿದ್ದೇವೆ, ಓಡಿಸಿದವರನ್ನು ಕೇಳಿದ್ದೇವಾ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಂದು ಯುದ್ಧನೌಕೆ ದಡ ಹತ್ತಿ ನಿಂತಿದೆ. ಹೆಸರು ಐಎನ್‌ಎಸ್ ಚಪಲ್. 2006ರಿಂದ ಅದು ಮ್ಯೂಸಿಯಂ. ಭಾನುವಾರ ಸಂಜೆ ಹೋದರೆ ಜನವೋ ಜನ. ನಾನು ಹೋದಾಗ ಒಬ್ಬರು ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು: "ನೋಡು ಪುಟ್ಟಾ, ಎಪ್ಪತ್ತೊಂದರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಇದೇ ಹಡಗು."

ಮಗು ಬಾಯಿ ತೆರೆದು ನೋಡಿತು. ನಾನೂ ಆಗ ನಂಬಿದ್ದೆ. ಪ್ರವಾಸದ ಬರಹಗಳಲ್ಲೂ ಈ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಆದರೆ ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. ಕರಾಚಿ ಮೇಲೆ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ಅವತ್ತು ಹೋಗಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ನಾಲ್ಕು ದಿನ ಬಿಟ್ಟು ಎರಡನೇ ಸಲ ಕ್ಷಿಪಣಿ ಹೊಡೆದದ್ದು ವಿನಾಶ್. ಚಪಲ್ ಅದೇ ವಂಶದ್ದು ನಿಜ, ಆದರೆ ಆಮೇಲೆ ಹುಟ್ಟಿದ ತಮ್ಮ. ಅಣ್ಣಂದಿರ ಸಾಹಸ ತಮ್ಮನ ಖಾತೆಗೆ ಜಮಾ ಆಗಿಬಿಟ್ಟಿದೆ.

ಇದರಲ್ಲಿ ಆ ಅಪ್ಪನ ತಪ್ಪೇನೂ ಇಲ್ಲ. ಹಡಗು ಕಣ್ಣೆದುರಿಗೇ ಇದೆ. ಅಷ್ಟು ದೊಡ್ಡ ಕಬ್ಬಿಣಕ್ಕೆ ಒಂದು ಯುದ್ಧವಾದರೂ ಬೇಡವಾ? ಯಾರೋ ಒಂದನ್ನು ಅಂಟಿಸಿದರು. ಬೇಜಾರಾಗುವುದು ಏನೆಂದರೆ, ನಿಜವಾದ ಕತೆ ಇದಕ್ಕಿಂತ ಎಷ್ಟೋ ಚೆನ್ನಾಗಿದೆ. ಆ ದೋಣಿಗಳನ್ನು ರಷ್ಯಾದವರು ಮಾಡಿದ್ದು ತಮ್ಮ ಬಂದರುಗಳ ಕಾವಲಿಗೆ. ದೂರ ಹೋಗುವಷ್ಟು ಎಣ್ಣೆ ಅವುಗಳ ಹೊಟ್ಟೆಯಲ್ಲಿ ಹಿಡಿಯುತ್ತಿರಲಿಲ್ಲ. ಹಾಗಾಗಿ ಕೆಟ್ಟ ಲಾರಿಯನ್ನು ಹಗ್ಗ ಕಟ್ಟಿ ಎಳೆಯುವ ಹಾಗೆ ದೊಡ್ಡ ಹಡಗುಗಳಿಂದ ಅವನ್ನು ಎಳೆಸಿಕೊಂಡು ಹೋಗುವ ಉಪಾಯ ಮಾಡಿದರು. ರಷ್ಯಾದಲ್ಲಿ ತರಬೇತಿ ಮುಗಿಸಿ ಬಂದಿದ್ದ ನಾವಿಕರು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು, ಕದ್ದು ಕೇಳುವವರಿಗೆ ತಲೆಬುಡ ಗೊತ್ತಾಗದಿರಲಿ ಅಂತ. ಇದೆಲ್ಲ ನಮಗೆ ತಿಳಿದಿರುವುದು ಅಲ್ಲಿದ್ದವರು ಹೇಳಿದ್ದರಿಂದ. ಹಡಗಿನ ಮೈ ಎಷ್ಟು ಸವರಿದರೂ ಇದು ಸಿಗುವುದಿಲ್ಲ.

ನಮ್ಮಲ್ಲಿ ಯುದ್ಧದ ನೆನಪು ಅಂದರೆ ಮೊದಲು ಸಾಮಾನು. ಸರ್ಕಲ್‌ನಲ್ಲೊಂದು ಟ್ಯಾಂಕ್, ಪಾರ್ಕಿನಲ್ಲೊಂದು ವಿಮಾನ, ಕಾಲೇಜಿನ ಗೇಟಿನಲ್ಲೊಂದು ಫಿರಂಗಿ. ಸೇವೆ ಮುಗಿದ ಸಾಮಾನು ಸಿಗುತ್ತದೆ, ಬಣ್ಣ ಬಳಿದು ನಿಲ್ಲಿಸುತ್ತೇವೆ, ಗಣ್ಯರು ಬಂದು ಟೇಪು ಕತ್ತರಿಸುತ್ತಾರೆ. ಇದು ಬೇಡ ಅಂತ ನಾನು ಹೇಳುವುದಿಲ್ಲ. ಟ್ಯಾಂಕ್ ಮುಟ್ಟಿ ನೋಡಿದ ಹುಡುಗ ಅದನ್ನು ಮರೆಯುವುದಿಲ್ಲ. ಆದರೆ ಸಾಮಾನು ತರಲು ಒಂದು ಕ್ರೇನು ಸಾಕು. ಕತೆ ಉಳಿಸಲು ಕಾಗದ ಕಾಪಾಡಬೇಕು, ಮನುಷ್ಯರನ್ನು ಮಾತಾಡಿಸಬೇಕು. ಅಲ್ಲೇ ನಾವು ಸೋಲುತ್ತಿರುವುದು. ಎಷ್ಟು ಸೋತಿದ್ದೇವೆ ಅಂತ ತಿಳಿಯಬೇಕಾದರೆ ಮಡಿಕೇರಿಗೆ ಹೋಗಬೇಕು.

ಮಡಿಕೇರಿ ಪೇಟೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರತಿಮೆ ಇದೆ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೊರಟವು. ದೇವಯ್ಯ ಅವತ್ತು ಮೀಸಲು ಪೈಲಟ್. ಯಾರಾದರೂ ಹಿಂದೆ ಬಿದ್ದರೆ ಮಾತ್ರ ಅವರ ಸರದಿ. ಹಾಗೇ ಆಯಿತು, ಇವರು ಗುಂಪಿಗೆ ಸೇರಿಕೊಂಡರು. ವಾಪಸು ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವ ವಿಮಾನ. ಮಿಸ್ಟೀರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ಹಳೆಯ ಗಾಡಿ. ದೇವಯ್ಯನವರ ವಿಮಾನಕ್ಕೆ ಪೆಟ್ಟು ಬಿತ್ತು. ಅವರು ತಪ್ಪಿಸಿಕೊಳ್ಳಲು ನೋಡದೆ ತಿರುಗಿ ನಿಂತರು. ಆ ಸ್ಟಾರ್‌ಫೈಟರನ್ನು ಹೊಡೆದು ಬೀಳಿಸಿದರು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಜೀವ ಉಳಿಸಿಕೊಂಡ. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಯವರೇ ಅವರನ್ನು ಹೊಲದಲ್ಲಿ ಮಣ್ಣು ಮಾಡಿದರು.

ಇದ್ಯಾವುದೂ ಈ ಕಡೆ ಯಾರಿಗೂ ಗೊತ್ತಾಗಲಿಲ್ಲ. ಜೊತೆಗೆ ಹೋದವರು ಕಂಡಿರಲಿಲ್ಲ. ನಮ್ಮ ಕಡತದಲ್ಲಿ ಉಳಿದದ್ದು ಒಂದೇ ಪದ: ಕಾಣೆಯಾಗಿದ್ದಾರೆ.

ಈಗ ಒಂದು ವಿಷಯ ಹೇಳುತ್ತೇನೆ, ನನಗೆ ಇದು ಎಷ್ಟು ಸಲ ಓದಿದರೂ ಹೊಟ್ಟೆ ಉರಿಯುತ್ತದೆ. 1971ರ ಯುದ್ಧದಲ್ಲಿ ಅದೇ ಅಮ್ಜದ್ ಹುಸೇನ್ ಅಮೃತಸರದ ಮೇಲೆ ಬಂದು, ನಮ್ಮ ವಿಮಾನವಿರೋಧಿ ಗುಂಡಿಗೆ ಸಿಕ್ಕಿ, ಸೆರೆಯಾದ. ಆರು ವರ್ಷದ ಪ್ರಶ್ನೆಗೆ ಉತ್ತರ ಗೊತ್ತಿದ್ದ ಮನುಷ್ಯ ನಮ್ಮದೇ ಸೆರೆಯಲ್ಲಿದ್ದ. ಆದರೆ ಆ ಉತ್ತರ ನಮ್ಮ ಕಡತಕ್ಕೆ ಇಳಿಯಲೇ ಇಲ್ಲ. ಅವನು ಬಿಡುಗಡೆಯಾಗಿ ಊರಿಗೆ ಹೋದ.

ಕತೆ ಹೊರಬಂದದ್ದು 1979ರಲ್ಲಿ. ಅದೂ ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕದಿಂದ. ಅವತ್ತು ತಮ್ಮ ವಿಮಾನವನ್ನು ಒಂದು ಮಿಸ್ಟೀರ್ ಕೆಡವಿತು ಅಂತ ಅವರೇ ಒಪ್ಪಿಕೊಂಡಿದ್ದರು. ಯಾವ ಮಿಸ್ಟೀರ್ ಅಂತ ಕೂಡಿಸಿ ಕಳೆದು ನೋಡಿದಾಗ ಉಳಿದವರು ದೇವಯ್ಯ ಒಬ್ಬರೇ. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಅವರು ಇದನ್ನು ಹಿಡಿದು ಬೆನ್ನು ಬಿಡದೆ ಓಡಾಡಿದರು. ಕೊನೆಗೆ 1988ರಲ್ಲಿ ಮಹಾವೀರ ಚಕ್ರ ಬಂತು. ಸತ್ತು 23 ವರ್ಷವಾದ ಮೇಲೆ. ದೇವಯ್ಯನವರ ಹೆಂಡತಿ ಅದನ್ನು ಕೈಗೆ ತೆಗೆದುಕೊಂಡರು.

ನಮ್ಮ ವೀರನ ಕತೆಯನ್ನು ನಾವು ಎದುರಾಳಿ ಬರೆಸಿದ ಪುಸ್ತಕದಿಂದ ಓದಿ ತಿಳಿದುಕೊಂಡೆವು. 2025ರಲ್ಲಿ ಇದೇ ಘಟನೆ ಇಟ್ಟುಕೊಂಡು ಒಂದು ಹಿಂದಿ ಸಿನಿಮಾ ಬಂತು. ಅದರಲ್ಲಿ ನಾಯಕನ ಹೆಸರೇ ಬೇರೆ. ಕೊಡಗಿನವರಿಗೆ ಸಿಟ್ಟು ಬಂದದ್ದು ಸಹಜ. ಸಿನಿಮಾದವರಿಗೆ ಅವರ ಸ್ವಾತಂತ್ರ್ಯ ಇರಲಿ. ಆದರೆ ಸರಿಯಾದ ದಾಖಲೆ ಮೊದಲೇ ಗಟ್ಟಿಯಾಗಿ ಜನರ ಕೈಯಲ್ಲಿದ್ದರೆ ಸಿನಿಮಾ ಒಂದು ರೂಪ ಮಾತ್ರ ಆಗುತ್ತದೆ. ದಾಖಲೆ ಇಲ್ಲದ ಕಡೆ ಸಿನಿಮಾವೇ ಇತಿಹಾಸ ಆಗಿಬಿಡುತ್ತದೆ.

ಕಾಗದದ ಗತಿ ಏನು ಅಂತ ಇಲ್ಲಿ ಸ್ವಲ್ಪ ನೋಡಬೇಕು. 1962ರಲ್ಲಿ ಚೀನಾ ಎದುರು ಆದ ಸೋಲಿಗೆ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಯಿತು. ಸರ್ಕಾರದ ಲೆಕ್ಕದಲ್ಲಿ ಅದು ರಹಸ್ಯವಾಗಿಯೇ ಉಳಿದಿದೆ. ಅದರ ಒಂದು ಭಾಗ 2014ರಲ್ಲಿ ಸೋರಿ ಅಂತರ್ಜಾಲದಲ್ಲಿ ಓಡಾಡಿತು, ಯಾರ ಆಕಾಶವೂ ಕಳಚಿ ಬೀಳಲಿಲ್ಲ. 1971ರ ಅಧಿಕೃತ ಇತಿಹಾಸವನ್ನು ರಕ್ಷಣಾ ಇಲಾಖೆಯೇ ಬರೆಸಿತು, ಬರೆಸಿ ಬೀರುವಿನಲ್ಲಿಟ್ಟಿತು. 2000ದಲ್ಲಿ ಒಂದು ಪತ್ರಿಕೆ ಅದನ್ನು ತನ್ನ ಜಾಲತಾಣದಲ್ಲಿ ಹಾಕಿದ ಮೇಲೆ ಜನ ಓದಿದರು. ಇನ್ನೂ ಕೆಟ್ಟ ಸುದ್ದಿ 2010ರದ್ದು. ಬಾಂಗ್ಲಾ ಯುದ್ಧ ನಡೆಸಿದ ಪೂರ್ವ ಕಮಾಂಡಿನ 1971ರ ಕಡತಗಳು ನಾಶವಾಗಿವೆ ಅಂತ ಪತ್ರಿಕೆಗಳು ವರದಿ ಮಾಡಿದವು. ನಾವು ಗೆದ್ದ ಯುದ್ಧದ ಕಡತ ಇದು! ಸೋತದ್ದನ್ನು ಮುಚ್ಚಿಡುವುದು ಒಂದು ಕತೆಯಾಯಿತು, ಗೆದ್ದದ್ದನ್ನೂ ಕಳೆದುಕೊಂಡರೆ?

2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಒಂದು ಹೊಸ ನೀತಿ ತಂದಿತು. ಯುದ್ಧ ಮುಗಿದ ಎರಡು ವರ್ಷದೊಳಗೆ ಇತಿಹಾಸ ಬರೆಯಲು ಸಮಿತಿ, ಆಮೇಲೆ ಮೂರು ವರ್ಷದಲ್ಲಿ ಬರವಣಿಗೆ, ಒಟ್ಟು ಐದು ವರ್ಷ. ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು. ಒಳ್ಳೆಯ ನೀತಿ, ಎರಡು ಮಾತಿಲ್ಲ. ಆದರೆ ಆ 'ಸಾಮಾನ್ಯವಾಗಿ' ಅನ್ನುವ ಪದದ ಸಂದಿಯಲ್ಲಿ ಒಂದು ರೆಜಿಮೆಂಟೇ ನುಸುಳಿ ಹೋಗಬಹುದು. ಕಾರ್ಗಿಲ್ ನಡೆದದ್ದು 1999ರಲ್ಲಿ. 25 ಕೂಡಿಸಿ ನೋಡಿ. ಗಡುವು ಆಗಲೇ ದಾಟಿತು.

ಹಾಗಂತ ಎಲ್ಲ ಕಡೆ ಕತ್ತಲೆ ಅಂತಲ್ಲ. ಮಡಿಕೇರಿಯಲ್ಲೇ 'ಸನ್ನಿ ಸೈಡ್' ಇದೆ, ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ. ಎಷ್ಟೋ ವರ್ಷ ಅದು ಆರ್‌ಟಿಒ ಆಫೀಸಾಗಿತ್ತು. ಕೊರಿಯಾದಲ್ಲಿ ಸಾವಿರಾರು ಯುದ್ಧಕೈದಿಗಳ ಹಣೆಬರಹ ತೀರ್ಮಾನಿಸಿದ ಆಯೋಗದ ಅಧ್ಯಕ್ಷರ ಮನೆಯಲ್ಲಿ ಜನ ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದರು. ಮಾಜಿ ಸೈನಿಕರು ಹಟ ಹಿಡಿದು ಕೇಳಿದ್ದಕ್ಕೆ ಅದು ಮ್ಯೂಸಿಯಂ ಆಯಿತು. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದರು. ಮನೆಯೇ ಮ್ಯೂಸಿಯಂ ಆದರೆ ಒಂದು ಲಾಭ ಇದೆ. ಅಲ್ಲಿ ಮನುಷ್ಯ ಮೊದಲು, ಬಂದೂಕು ಆಮೇಲೆ.

ತಿಮ್ಮಯ್ಯ ಅಂದರೆ ಎಲ್ಲರೂ ಹೇಳುವುದು ಜೋಜಿಲಾ, ಕಾಶ್ಮೀರದಿಂದ ಲಡಾಖಿಗೆ ದಾಟುವ ಕಣಿವೆ. 1948ರ ನವೆಂಬರ್ 1ರಂದು, 11,000 ಅಡಿಗೂ ಮೇಲೆ, ಆ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ಲಡಾಖ್ ಉಳಿಯಿತು. ಈ ಕತೆಯಲ್ಲಿ ಟ್ಯಾಂಕ್ ಇದೆ, ಜನರಲ್ ಇದ್ದಾರೆ. ಆದರೆ ಟ್ಯಾಂಕ್ ಹತ್ತಿದ್ದು ಯಾವ ದಾರಿಯಲ್ಲಿ? ಹೇಸರಗತ್ತೆ ಓಡಾಡುವ ಕಾಲುದಾರಿ ಅದು. ಅದನ್ನು ಮೇಲಿಂದ ಗುಂಡು ಬೀಳುತ್ತಿರುವಾಗಲೇ ಅಗೆದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಸೇನೆಯ ಎಂಜಿನಿಯರ್ ಪಡೆ. ಅವರ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿ. ಟ್ಯಾಂಕನ್ನು ಕಟ್ಟೆ ಮೇಲೆ ನಿಲ್ಲಿಸಬಹುದು. ದಾರಿಯನ್ನು ಹೇಗೆ ನಿಲ್ಲಿಸುವುದು? ಗುದ್ದಲಿ ಹಿಡಿದವನ ಪಾಲು ಅವನು ಹೇಳಿದರೆ ಮಾತ್ರ ಉಳಿಯುತ್ತದೆ. ಅದೇ ರೀತಿ 1959ರಲ್ಲಿ ತಿಮ್ಮಯ್ಯನವರು ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟು ವಾಪಸು ಪಡೆದರಲ್ಲ, ಆ ಕಹಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಕಷ್ಟ. 1962ರ ಸೋಲನ್ನು ಅರ್ಥ ಮಾಡಿಕೊಳ್ಳಲು ಯಾವ ಬಂದೂಕಿಗಿಂತಲೂ ಆ ಜಗಳವೇ ಜಾಸ್ತಿ ಬೇಕಾದದ್ದು.

ಕನ್ನಡದವರಿಗೆ ಈ ಕೆಲಸ ಹೊಸದೇನೂ ಅಲ್ಲ. ಊರ ಹೊರಗೆ, ಕೆರೆ ಏರಿ ಮೇಲೆ, ಹುಣಸೆಮರದ ಬುಡದಲ್ಲಿ ವೀರಗಲ್ಲು ಕಾಣದ ತಾಲ್ಲೂಕು ಕಡಿಮೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು, ಮೇಲೆ ಕೈಲಾಸ. ಬರಹ ಇದ್ದರೆ ಅದರಲ್ಲಿ ಯಾರು, ಯಾವ ಊರು, ಏಕೆ ಹೋರಾಡಿದ, ಕಲ್ಲು ಹಾಕಿಸಿದವರು ಯಾರು ಅನ್ನುವುದೆಲ್ಲ ಬರುತ್ತದೆ. ದನ ಕದ್ದವರನ್ನು ತಡೆದು ಸತ್ತವನಿಗೂ ಕಲ್ಲು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಎಲ್ಲಕ್ಕಿಂತ ಚಂದ. ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿಗೆ ಸೇರಿದೆ. ಕಾಲ ಸುಮಾರು 949. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಕೃಷ್ಣನ ಕಡೆಯಿಂದ ಗಂಗರ ಬೂತುಗ ಹೋರಾಡಿದ, ಬೂತುಗನ ಬಂಟ ಮಣಲೆರ. ಏನು ಬೇಕೋ ಕೇಳು ಅಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಆಮೇಲೆ ಒಂದು ಕಾಡುಹಂದಿ ಜೊತೆ ಸೆಣಸಿ, ಎರಡೂ ಸತ್ತವು. ಮಣಲೆರ ನಾಯಿಗೆ ಕಲ್ಲು ನೆಡಿಸಿದ, ಪೂಜೆಗೆ ಭೂಮಿ ಬಿಟ್ಟ. ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಅಂತಲೂ ಬರೆಸಿದ. ಒಂದು ನಾಯಿಯ ಸಾವಿನ ನೆಪದಲ್ಲಿ ತಕ್ಕೋಲದ ಯುದ್ಧ ನಮಗೆ ಸಿಕ್ಕಿತು.

ಇನ್ನೊಂದು ಸೂಕ್ಷ್ಮ ಇದೆ. ಬೂತುಗ ರಾಜಾದಿತ್ಯನನ್ನು ಕೊಂದದ್ದು ಹೇಗೆ ಅಂತ ಹೇಳುವ ಸಾಲನ್ನು ಮೊದಲು ವಿದ್ವಾಂಸರು 'ಕಳ್ಳ' ಅಂತ ಓದಿದರು. ಹಾಗಾದರೆ ಅಪ್ಪಿಕೊಳ್ಳುವ ನೆಪದಲ್ಲಿ ಮೋಸದಿಂದ ಕೊಂದ ಅಂತ ಅರ್ಥ. ಆಮೇಲೆ ಅದು 'ಕಳ', ಅಂದರೆ ಯುದ್ಧಭೂಮಿ, ಎಂದು ತಿದ್ದಿಕೊಂಡರು. ಆನೆಯ ಅಂಬಾರಿಯೇ ಯುದ್ಧಭೂಮಿ ಆಯಿತು ಅನ್ನುವುದು ಹೊಸ ಓದು. ಒಂದು ಒತ್ತಕ್ಷರ ಬಿದ್ದುಹೋದದ್ದಕ್ಕೆ ಮೋಸಗಾರ ಹೋಗಿ ವೀರ ಬಂದ. ಸಾವಿರ ವರ್ಷದ ಮೇಲೂ ತಿದ್ದಿಕೊಳ್ಳಲು ಸಾಧ್ಯವಾಯಿತಲ್ಲ, ಯಾಕೆ? ಬರಹ ಇತ್ತು. ಸುಮ್ನೆ ನಾಯಿಯ ಚಿತ್ರ ಮಾತ್ರ ಇದ್ದಿದ್ದರೆ ಏನು ತಿದ್ದುವುದು?

ಹೊಸ ಸ್ಮಾರಕ ಕಟ್ಟುವವರೂ ಈ ಹಳೆಯ ರೂಪ ನೆನಪಿಸಿಕೊಂಡಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಒಂದೇ ಕಲ್ಲಿನ ದೊಡ್ಡ ವೀರಗಲ್ಲು ನಿಲ್ಲಿಸಿದ್ದಾರೆ. ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಯಲ್ಲಿ ಸತ್ತವರ ಒಬ್ಬೊಬ್ಬರ ಹೆಸರೂ ಇದೆ. ಹೆಸರು ಬರೆಯುವುದು ದೊಡ್ಡ ಕೆಲಸ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಆತಕೂರಿನ ನಾಯಿಗೆ ಹೆಸರಿನ ಜೊತೆ ಕತೆಯೂ ಸಿಕ್ಕಿದೆ.

ಯಾರ ನೆನಪು ಉಳಿಸಬೇಕು ಅನ್ನುವುದು ಬೇರೆ ತಲೆನೋವು. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರ 1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷರ ಸ್ಮಾರಕ ಇತ್ತು. 1964ರಲ್ಲಿ ಕಿತ್ತು ಹಾಕಿದರು. ಆ ಕಾಲಕ್ಕೆ ಅದು ಸರಿಯೇ ಅನ್ನಿಸಿರಬೇಕು. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಮಾತ್ರ ಉಳಿದುಕೊಂಡಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಊರಿನ ಮೇಲೆ ಕುದುರೆ ಏರಿ ಈಟಿ ಹಿಡಿದು ನುಗ್ಗಿದ ಪಡೆಗಳಲ್ಲಿ ನಮ್ಮವರೂ ಇದ್ದರು. ಎದುರಿಗೆ ಮಷಿನ್‌ಗನ್. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರು ಸೇರಿಸಿದಾಗ ಇಲ್ಲಿನ ಎಷ್ಟೋ ಜನಕ್ಕೆ ಮೊದಲ ಸಲ ವಿಷಯ ತಿಳಿಯಿತು. ಆದರೆ ಅವತ್ತು ಕುದುರೆ ಮೇಲಿದ್ದ ಸಾಮಾನ್ಯ ಸವಾರನಿಗೆ ಏನನ್ನಿಸಿತು, ಮರಳುಗಾಡಿನಲ್ಲಿ ಏನು ತಿಂದ, ಮನೆಗೆ ಏನು ಬರೆದ ಅಂತ ಹುಡುಕಿದರೆ ನನ್ನ ಕೈಗೆ ಒಂದು ಸಾಲೂ ಸಿಕ್ಕಿಲ್ಲ.

ಅದೇ ಯುದ್ಧದ ಒಂದು ದನಿ ಬರ್ಲಿನ್ನಿನಲ್ಲಿದೆ. ಜರ್ಮನ್ನರು ಸೆರೆಹಿಡಿದ ಭಾರತದ ಸಿಪಾಯಿಗಳನ್ನು ವ್ಯೂನ್ಸ್‌ಡೋರ್ಫ್ ಎಂಬಲ್ಲಿ ಕೂಡಿಹಾಕಿದ್ದರು. ಭಾಷೆ ಅಧ್ಯಯನ ಮಾಡುವವರು ಅವರನ್ನು ಮಾತಾಡಿಸಿ ಗ್ರಾಮಫೋನ್ ತಟ್ಟೆಗೆ ದನಿ ಇಳಿಸಿಕೊಂಡರು. 1916ರ ಡಿಸೆಂಬರಿನಲ್ಲಿ ಪಂಜಾಬಿನ ಮಾಲ್ ಸಿಂಗ್ ಎಂಬ ಸಿಪಾಯಿ ಒಂದೂ ಕಾಲು ನಿಮಿಷದಷ್ಟು ಮಾತಾಡಿದ್ದಾನೆ. ಒಬ್ಬ ಮನುಷ್ಯ ಇದ್ದ ಅಂತ ಕತೆ ಹೇಳುವವನ ಹಾಗೆ ಶುರು ಮಾಡುತ್ತಾನೆ. ಅವನು ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಎರಡು ಸೇರು ಹಾಲು ಕುಡಿಯುತ್ತಿದ್ದ. ಯುದ್ಧಕ್ಕೆ ಬಂದ, ಸೆರೆ ಸಿಕ್ಕ. ಊರಿಗೆ ಹೋದರೆ ಅದೇ ಊಟ ಸಿಗುತ್ತದೆ, ಇನ್ನೆರಡು ವರ್ಷ ಇಲ್ಲೇ ಇದ್ದರೆ ಸಾಯುತ್ತಾನೆ. ಅಷ್ಟೇ. ಸಾಮ್ರಾಜ್ಯದ ಮಾತಿಲ್ಲ, ಶೌರ್ಯದ ಮಾತಿಲ್ಲ. ಬೆಣ್ಣೆ, ಹಾಲು, ಮನೆ. ನೂರು ವರ್ಷದ ಮೇಲೆ ಕೇಳಿದರೂ ಗಂಟಲು ಕಟ್ಟುತ್ತದೆ.

ಸೈನಿಕರನ್ನು ಕೂರಿಸಿ ಮಾತಾಡಿಸಿದವರಿಗೆ ಇದು ಗೊತ್ತು. ಫಲಕದಲ್ಲಿ 'ಅಪ್ರತಿಮ ಶೌರ್ಯ' ಅಂತ ಇರುತ್ತದೆ. ಅವರು ಹೇಳುವುದು ಒದ್ದೆ ಸಾಕ್ಸ್, ತಣ್ಣಗಾದ ಪೂರಿ, ತಡವಾಗಿ ಬಂದ ಇನ್‌ಲ್ಯಾಂಡ್ ಲೆಟರಿನ ವಿಷಯ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ 1972ರಿಂದಲೇ ಇಂಥ ದನಿಗಳನ್ನು ಕೂಡಿಡುತ್ತಿದೆ. ಅಮೆರಿಕ 2000ದಲ್ಲಿ ಕಾನೂನು ಮಾಡಿಯೇ ಈ ಕೆಲಸವನ್ನು ತನ್ನ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿತು. ಅಲ್ಲಿ ಮೊಮ್ಮಗಳೇ ಅಜ್ಜನನ್ನು ಮಾತಾಡಿಸಿ ಕಳಿಸಬಹುದು. ನಮ್ಮಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಆಸಕ್ತಿಯಿಂದ ಮಾಡುತ್ತಾರೆ. ಅದರಲ್ಲೂ ಅಧಿಕಾರಿಗಳದ್ದು ಪುಸ್ತಕವಾಗುತ್ತದೆ, ಇಂಗ್ಲಿಷಿನಲ್ಲಿ. ಹವಾಲ್ದಾರ್, ನಾಯಕ್, ಸಿಪಾಯಿಗಳ ಮಾತು ಕನ್ನಡದಲ್ಲಿ ಎಲ್ಲಿದೆ? ಸೈನಿಕ ಕಲ್ಯಾಣ ಇಲಾಖೆ ಇದೆ, ಪಿಂಚಣಿದಾರರ ಪಟ್ಟಿ ಇದೆ, ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ, ಎಲ್ಲರ ಜೇಬಲ್ಲೂ ರೆಕಾರ್ಡರ್ ಇದೆ. ಒಂದು ಟ್ಯಾಂಕ್ ಸಾಗಿಸುವ ಖರ್ಚಿನಲ್ಲಿ ಒಂದು ಜಿಲ್ಲೆಯ ಕತೆ ಮುಗಿಯುತ್ತದೆ ಅನ್ನುವುದು ನನ್ನ ಅಂದಾಜು.

ನೆನಪು ಮಾಸುತ್ತದೆ, ಮುದುಕರು ಉತ್ಪ್ರೇಕ್ಷೆ ಮಾಡುತ್ತಾರೆ ಅನ್ನುವವರಿದ್ದಾರೆ. ಮಾಡುತ್ತಾರೆ, ನಿಜ. ಅದಕ್ಕೇ ಕಡತ ಬೇಕು, ಒಂದಕ್ಕೊಂದು ತಾಳೆ ನೋಡಲು. ಆದರೆ ಕಡತ ತೆರೆಯಲಿ ಅಂತ ಕಾಯುತ್ತಾ ಕೂತರೆ ಹೇಳುವವರು ಇರುವುದಿಲ್ಲ. 1962ರಲ್ಲಿ 20 ವರ್ಷವಾಗಿದ್ದವರಿಗೆ ಈಗ 80 ದಾಟಿದೆ. 1971ರವರೂ 75ರ ಆಸುಪಾಸಿನಲ್ಲಿದ್ದಾರೆ.

ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಎಲ್ಲರೂ ಮಿಲಿಟರಿ ಮಾವ ಅಂತಲೇ ಕರೆಯುವುದು. ಬಾಂಗ್ಲಾ ಕಡೆ ಹೋಗಿದ್ದವರು. ಯುದ್ಧದ ಬಗ್ಗೆ ಕೇಳಿದರೆ "ಏನಿದೆ ಬಿಡಪ್ಪಾ" ಅಂತ ಮಾತು ತಿರುಗಿಸುತ್ತಿದ್ದರು. ಒಂದು ದಿನ ಸಂಜೆ ಮಂಡಕ್ಕಿ ತಿನ್ನುತ್ತಾ ತಾವಾಗಿಯೇ ಶುರು ಮಾಡಿದರು. ಅಲ್ಲಿನ ಹಳ್ಳಿಯವರು ಗದ್ದೆ ಬದುವಿನ ಮೇಲೆ ಬುಟ್ಟಿ ಹಿಡಿದು ನಿಂತಿರುತ್ತಿದ್ದರಂತೆ, ನಡೆದುಹೋಗುವ ಸೈನಿಕರಿಗೆ ಮಂಡಕ್ಕಿ ಕೊಡಲು. ಇವರು ಮೆಸ್ ಟಿನ್ ಒಡ್ಡಿದರೆ ಒಬ್ಬಳು ಅಜ್ಜಿ ತುಂಬಿಸಿ, ಮೇಲೆ ಒಂದು ಬೆಲ್ಲದ ಚೂರು ಇಟ್ಟಳಂತೆ. "ಅವಳ ಮಕ್ಕಳು ಯಾರೂ ಉಳಿದಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆ ಟಿನ್ ಏನಾಯಿತು ಮಾವ ಅಂತ ಕೇಳಿದೆ. ಒಳಗಿಂದ ಅತ್ತೆಯೇ ಉತ್ತರ ಕೊಟ್ಟರು: "ಅಕ್ಕಿ ಡಬ್ಬದಲ್ಲಿದೆ ನೋಡು. ಇಬ್ಬರಿಗೆ ಒಂದು ಅಳತೆ ಸಾಕಾಗುತ್ತೆ."